ಕ್ಯಾರವಾನಿನ ಬೆನ್ನಿಗೆ ಎರಡು ಸೈಕಲ್

ಗೆಳೆಯನ ಕ್ಯಾರವಾನನ್ನು, ಆ ಚಕ್ರದ ಮನೆಯನ್ನು, ಪಿಕಪ್‌ಗೆ ಕಟ್ಟಿಕೊಂಡು ನಾನೂ ಹೆಂಡತಿ ಝುಬೈದಾಳೂ ಈ ಕೊಲ್ಲಿ ನಾಡಿನ ಉತ್ತರ ತುದಿಯ ಅಲ್ ಶಮಾಲ್‌ನ ಕಡಲ ದಂಡೆಗೆ ಹೊರಟಿದ್ದೆವು. ಕ್ಯಾರವಾನಿನ ಮೂತಿಯೇ ಪಿಕಪ್‌ನ ಹಿಂಬದಿಯ ತೊಟ್ಟಿಯಲ್ಲಿ ಕೂತು ಅಲ್ಲಿ ಜಾಗವಿಲ್ಲದ್ದರಿಂದ, ಸೈಕಲ್‌ಗಳನ್ನು ಕ್ಯಾರವಾನಿನ ಬೆನ್ನಿಗೆ ಹಗ್ಗದಲ್ಲಿ ಬಿಗಿದಿದ್ದೆ.

ದಾರಿಯಲ್ಲಿ ಒಬ್ಬರು ಅರಬಿ ಮುದುಕರು ತಮ್ಮ ಪಿಕಪ್ ಪಕ್ಕಕ್ಕೆ ತಂದು ಒಂದೇ ಸಮನೆ ಹಾರ್ನ್ ಹೊಡೆದರು. ಹೆದರಿ ನಿಲ್ಲಿಸಿದೆ.

"ಸೈಕಲ್ ಖಲಾಸ್!" ಎಂದರು. ಝುಬೈದಾಳ ಸೈಕಲ್ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಹಿಂದೆ ಬರುವವರ ಮೇಲೆ ಬಿದ್ದಿದ್ದರೆ? ಮುದುಕರು ಎಲ್ಲಿಗೆಂದು ಕೇಳಿದವರೇ ಎರಡನ್ನೂ ತಮ್ಮ ಗಾಡಿಗೆ ಹಾಕಿಸಿಕೊಂಡು, "ನಾನೂ ಅಲ್ಲಿಗೇ. ನೀನು ನಿಧಾನ ಬಾ. ಯಲ್ಲಾ, ಹೊರಡೋಣ!" ಎಂದು ಹರಕು ಹಿಂದಿಯಲ್ಲಿ ಹೇಳಿ ಹೊರಟೇಬಿಟ್ಟರು.

"ಹೆಸರಾದರೂ ಕೇಳಿದ್ರಾ?" ಎಂದಳು ಝುಬೈದಾ. ಕೇಳಿರಲಿಲ್ಲ. ದಾರಿಯುದ್ದಕ್ಕೂ ಅವಳು ಮುಂದೆ ಕಂಡ ಪ್ರತಿ ಪಿಕಪ್‌ನಲ್ಲೂ ತನ್ನ ಸೈಕಲ್ ಹುಡುಕಿದಳು.

ದಂಡೆಯಲ್ಲಿ ನನ್ನ ಸೈಕಲ್ ಅವರ ಗಾಡಿಗೆ ಒರಗಿ ನಿಂತಿತ್ತು. ಝುಬೈದಾಳದ್ದನ್ನು ಹತ್ತಿದ್ದ ಆ ಹಿರಿಯರು, ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಗಟ್ಟಿ ಮರಳಿನ ಮೇಲೆ ನಗುತ್ತ ಸುತ್ತುತ್ತಿದ್ದರು.

"ಇನ್ನೊಂದೇ ಸುತ್ತು, ಮಗಳೇ!"

"ಹೊಡೀರಿ ಬಾಬಾ," ಎಂದು ಅವಳೂ ನಕ್ಕಳು.

ಆ ಒಂದು ಸುತ್ತು ಸಂಜೆಯವರೆಗೂ ಮುಗಿಯಲಿಲ್ಲ. ಝುಬೈದಾ ನನ್ನ ಸೈಕಲ್ ಹತ್ತಿ ಅವರ ಜೊತೆಗೂಡಿದಳು. ಇಬ್ಬರಿಗೂ ಚಹಾ ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು.