ಮರಿಮೀನಿನ ಖಾನೆ

ಶಶಿ, ನೀನು ಕೊಟ್ಟ ಪುಸ್ತಕದಲ್ಲಿ ನಾನು ಸುಳ್ಳು ಬರೆದೆ. ಒಂದೆರಡು ದಿನವಲ್ಲ — ಎರಡು ವರ್ಷ. ನಿನ್ನ ಲೆಕ್ಕ ತಪ್ಪಿದ್ದಲ್ಲ. ತಪ್ಪಿಸಿದವನು ನಾನು, ನಿನ್ನ ಅಣ್ಣ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟು ಹತ್ತಿದೆ ನಾನು. ನೀನು ಓದಿ ಮೀನಿನ ವಿಜ್ಞಾನಿಯಾದೆ. ಮರಿಮೀನು ತಪ್ಪಿಸಿಕೊಳ್ಳುವಂತೆ ಬಲೆಯ ಕಣ್ಣು ದೊಡ್ಡದಾಗಬೇಕೇ ಎಂದು ಸರ್ಕಾರ ನಿಮ್ಮ ಆಫೀಸನ್ನು ಕೇಳಿದಾಗ, ನೀನು ಬೋಟು ನಿಲ್ಲುವ ದಕ್ಕೆಗೆ ಬಂದು ಐದು ಬೋಟುಗಳಿಗೆ ಒಂದೊಂದು ಪುಸ್ತಕ ಕೊಟ್ಟೆ. ಬಲೆ ಎಳೆದಾಗಲೆಲ್ಲ ದೊಡ್ಡ ಮೀನು ಎಷ್ಟು ಬುಟ್ಟಿ, ಮರಿಮೀನು ಎಷ್ಟು ಬುಟ್ಟಿ — ಅಷ್ಟೇ ಬರೆಯಬೇಕಾದದ್ದು. ಬೋಳಾರದ ಮನೆಯ ಜಗಲಿಯಲ್ಲಿ ಕೂತು, ಅರ್ಧ ಬುಟ್ಟಿಯನ್ನು ಹೇಗೆ ಬರೆಯುವುದೆಂದು ನನಗೆ ಕಲಿಸಿದೆ.

ಮೊದಲ ವಾರ ಸರಿಯಾಗಿಯೇ ಬರೆದೆ. ಬೋಟು ನಡೆಸುವ ತಂಡೇಲ ಅದನ್ನು ನೋಡಿದ.

"ಇದು ಕಂಡರೆ ನಿನ್ನ ತಂಗಿ ನಾಳೆಯೇ ಬಲೆ ಬದಲಿಸ್ಲಿಕ್ಕೆ ಹೇಳ್ತಾಳೆ. ಮತ್ತೆ ನಾವು ಎಂತ, ನೀರು ಹಿಡಿಯುದಾ ಮಾರಾಯ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಪುಟವನ್ನು ನಾನೇ ಹರಿದು ಸಮುದ್ರಕ್ಕೆ ಹಾಕಿದೆ. ಅಂದಿನಿಂದ ಮರಿ ಎಷ್ಟೇ ಬರಲಿ, ಮರಿಮೀನಿನ ಖಾನೆಯಲ್ಲಿ ಒಂದು ಬುಟ್ಟಿ ಎಂದು ಬರೆದೆ. ನಂಬಿಕೆ ಬರಲೆಂದು ಕೆಲವು ದಿನ ಅರ್ಧ ಎಂದೂ ಬರೆದೆ — ನೀನು ಕಲಿಸಿದಂತೆಯೇ. ಬೆರಳುದ್ದದ ಬಂಗುಡೆ ಮರಿಗಳೆಲ್ಲ ನೇರ ಮೀನುಹುಡಿ ಕಾರ್ಖಾನೆಯ ಲಾರಿಗೆ ಹೋದವು. ಉಳಿದ ನಾಲ್ಕು ಬೋಟಿನವರೂ ನನ್ನ ಪುಸ್ತಕ ನೋಡಿಯೇ ಬರೆಯುತ್ತಿದ್ದರು. ಮೇಡಮ್ಮಿನ ಅಣ್ಣನೇ ಹೀಗೆ ಬರೆದ ಮೇಲೆ ಅವರಿಗೇನು ಹೆದರಿಕೆ?

ನೀನು ನಂಬಿದೆ. ಬಲೆಗೆ ಮರಿಮೀನು ಹೆಚ್ಚು ಬೀಳುತ್ತಿಲ್ಲ, ಸದ್ಯಕ್ಕೆ ಹಳೆಯ ಬಲೆಯೇ ಇರಲಿ ಎಂದು ಬರೆದುಕೊಟ್ಟೆ. ಸರ್ಕಾರ ಹಾಗೆಯೇ ಮಾಡಿತು.

ಮುಂದಿನ ವರ್ಷಗಳಲ್ಲಿ ಬೋಟುಗಳು ಬರಿದೇ ಬಂದವು. ದಕ್ಕೆಯಲ್ಲಿ ಸಭೆ ಕರೆದರು. ಅಧಿಕಾರಿಗಳ ಪಕ್ಕ ನೀನೂ ಕೂತಿದ್ದೆ. ಅದೇ ತಂಡೇಲ ಎದ್ದು ನಿಂತ.

"ಮೀನಿಗೆ ಎಂತ ತೊಂದರೆ ಇಲ್ಲ ಅಂತ ಬರೆದದ್ದು ನೀವಲ್ವಾ ಮೇಡಂ? ಅದೀಗ ನಿಮ್ಮ ಕಾಗದದಲ್ಲಿ ಈಜ್ತಾ ಉಂಟಾ?"

ಸಭೆಯೇ ನಕ್ಕಿತು. ಪುಸ್ತಕ ಬರೆದವರು ಯಾರೆಂದು ನೀನು ಹೇಳಬಹುದಿತ್ತು — ಹೇಳಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಾನಾದರೂ ಎದ್ದು...

ಎರಡು ದಿನ ಬಿಟ್ಟು ನೀನು ಮನೆಗೆ ಬಂದೆ. ಅದೇ ಜಗಲಿಯಲ್ಲಿ ಪುಸ್ತಕ ಬಿಚ್ಚಿಟ್ಟೆ.

"ಅಣ್ಣ, ನಾನೇ ಎಲ್ಲೋ ತಪ್ಪಿದ್ದೇನೆ. ನೀನು ಬರೆದದ್ದೆಲ್ಲ ಸರಿ ಉಂಟಲ್ಲ?"

"ಉಂಟು," ಎಂದೆ.

ನೀನು ತಲೆಯಾಡಿಸಿ, ಮೊದಲ ಪುಟದಿಂದ ಮತ್ತೆ ಕೂಡಿಸಲು ತೊಡಗಿದೆ.

ಆಮೇಲೆ ನಿನ್ನನ್ನು ಯಾವ ಸಮಿತಿಗೂ ಕರೆಯಲಿಲ್ಲ. ನೀನು ದಕ್ಕೆಗೆ ಬರುವುದನ್ನೇ ಬಿಟ್ಟೆ. ಈಗ ಹೊಸ ವಿಜ್ಞಾನಿಗಳು ಬಂದು ಬಲೆಯ ಕಣ್ಣು ದೊಡ್ಡದಾಗಲೇಬೇಕು ಎಂದರೆ, ಬೋಟಿನವರು ನಿನ್ನ ಹೆಸರು ಹೇಳಿ ಅವರ ಬಾಯಿ ಮುಚ್ಚಿಸುತ್ತಾರೆ.

ಬರುವ ಸೋಮವಾರ ಮತ್ತೆ ಸಭೆ ಉಂಟು. ಇಲ್ಲಿ ಬರೆದದ್ದನ್ನು ಅಲ್ಲಿ ಎಲ್ಲರ ಎದುರು ಹೇಳುತ್ತೇನೆ. ನೀನು ಬರಬೇಕೆಂದಿಲ್ಲ. ನಾನು ಹೇಳಿದ ಮೇಲೆ, ಮರಿಮೀನು ನಿಜವಾಗಿ ಎಷ್ಟಿತ್ತು ಎಂದು ಅಧಿಕಾರಿಗಳು ಕೇಳುತ್ತಾರೆ — ನೀನೂ ಮೊದಲು ಅದನ್ನೇ ಕೇಳುವೆ. ನನಗೆ ಗೊತ್ತಿಲ್ಲ, ಶಶಿ. ಎಣಿಸಬೇಕಾದ ದಿನ ನಾನು ಎಣಿಸಲೇ ಇಲ್ಲ.