ಓನರ್ ಆಂಟಿಯ ನೆಲನೆಲ್ಲಿ ಕಷಾಯ

"ನನ್ ಕಷಾಯಾನೇ ಕಣಪ್ಪ ನಿನ್ನ ಉಳಿಸಿದ್ದು!"

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ರಕ್ತದ ರಿಪೋರ್ಟ್ ನೋಡಿ ಕೆಳಮನೆಯ ಓನರ್ ಆಂಟಿ ಆಡಿದ ಮಾತಿದು. ನಾನು ಅವರ ಬಾಡಿಗೆದಾರ. ನನ್ನ ಲಿವರಿಗೆ ಬಹಳ ವರ್ಷಗಳಿಂದ ಹೆಪಟೈಟಿಸ್ ಬಿ ಬಾಡಿಗೆದಾರ. ದಿನಾ ಮಾತ್ರೆ ನುಂಗುತ್ತೇನೆ. ವೈರಸ್ಸಿನ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ಅಳೆಯುತ್ತಾರೆ. ಆ ಅಂಕಿ ಇಳಿದಷ್ಟೂ ಗುಣವಾಗುವ ಆಸೆ ಹೆಚ್ಚು. ಈ ಸಲ ಅದು ಮೂವತ್ತೆಂಟಕ್ಕೆ ಇಳಿದಿದೆ.

ಆಂಟಿ ಒಂದು ವರ್ಷದಿಂದ ದಿನಾ ಬೆಳಿಗ್ಗೆ ಲಿವರಿಗೆ ಒಳ್ಳೇದೆಂದು ಲೋಟದ ತುಂಬ ನೆಲನೆಲ್ಲಿ ಕಷಾಯ ಕೊಡುತ್ತಿದ್ದಾರೆ. ನಾನು ನಗುನಗುತ್ತಾ ಇಸಿದುಕೊಂಡು, ಅವರು ಮೆಟ್ಟಿಲಿಳಿದ ತಕ್ಷಣ ಬಾಗಿಲ ಪಕ್ಕದ ಕರಿಬೇವಿನ ಕುಂಡಕ್ಕೆ ಸುರಿಯುತ್ತೇನೆ. ಇವತ್ತೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಆಂಟಿ ಫೋನ್ ತೆಗೆದರು.

"ಹೆಗ್ಗನಹಳ್ಳೀಲಿರೋ ನಮ್ ತಮ್ಮಂಗೂ ಇದೇ ಕಾಯ್ಲೆ. ಮಾತ್ರೆ ಬಿಟ್ಟು ಕಷಾಯ ಕುಡಿ ಅಂತ ಈಗ್ಲೇ ಹೇಳ್ತೀನಿ."

ನಾನು ಫೋನಿಗೆ ಕೈ ಅಡ್ಡ ಹಿಡಿದೆ. "ಬೇಡ ಆಂಟಿ! ಮಾತ್ರೆ ಬಿಟ್ರೆ ಲಿವರ್ ಕೆಟ್ಟೋಗತ್ತೆ. ನಿಮ್ ಕಷಾಯ ನಾನು ಒಂದಿನಾನೂ ಕುಡಿದಿಲ್ಲ. ಎಲ್ಲಾ ಈ ಗಿಡಕ್ಕೇ ಹಾಕ್ದೆ."

ಆಂಟಿ ನನ್ನನ್ನು ನೋಡಿದರು, ಆಮೇಲೆ ನನ್ನೆತ್ತರ ಬೆಳೆದು ನಿಂತಿದ್ದ ಗಿಡವನ್ನು ನೋಡಿದರು.

"ಈ ಸೊಪ್ಪಿನ ಒಗ್ಗರಣೆ ದಿನಾ ತಿಂದೋರು ಯಾರು?"

"ನಾನೇ."

"ಮತ್ತೆ?"

ಆಂಟಿ ಫೋನಿನಲ್ಲಿ ತಮ್ಮನಿಗೆ ಮಾತ್ರೆ ಬಿಡಬೇಡ ಅಂತಲೇ ಹೇಳಿದರು, ಪುಣ್ಯ. ಆದರೆ ಅವನಿಗೆ ಕಳಿಸಲು ಸೆರಗಿನ ತುಂಬ ಸೊಪ್ಪು ಕಿತ್ತುಕೊಂಡು ಹೋದರು.

ಈಗ ಗಿಡದಲ್ಲಿ ಉಳಿದಿರುವ ಎಲೆಗಳಿಗಿಂತ ನನ್ನ ರಿಪೋರ್ಟಿನ ಅಂಕಿಯೇ ಜಾಸ್ತಿ.