ಬನ್ನಿ ಮರದ ಮುಖ

ನಮ್ಮ ಬೀದಿಯಲ್ಲಿ ನನಗೆ ಯಾರನ್ನೂ ಕಂಡರಾಗುವುದಿಲ್ಲ. ಅದರಲ್ಲೂ ಎದುರು ಮನೆಯ ಯಜಮಾನರನ್ನು. ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಇಲ್ಲೆಲ್ಲ ಅವರದೇ ರಾಗಿ ಹೊಲ. ಈಗ ಹೊಲದ ಜಾಗದಲ್ಲಿ ನಾಲ್ಕಂತಸ್ತಿನ ಮನೆ, ಅದರ ತುಂಬ ಬಾಡಿಗೆದಾರರು. ಅವರ ಬಿಳಿ ಕಾರು ಮಾತ್ರ ಈ ಇಕ್ಕಟ್ಟಿನ ಬೀದಿಯಲ್ಲೇ ನಿಲ್ಲಬೇಕು, ನನ್ನ ಗೇಟಿಗೆ ಅರ್ಧ ಅಡ್ಡವಾಗಿ. ಎರಡು ಸಲ ಸಮಾಧಾನವಾಗಿ ಹೇಳಿದೆ, ಮೂರನೆಯ ಸಲ ಕೂಗಾಡಿದೆ. ಅಲ್ಲಿಂದ ಮಾತು ಬಿಟ್ಟಿದ್ದೇವೆ.

ಅವರ ಮನೆಯ ಮೂಲೆಯಲ್ಲಿ ಹೊಲದ ಕಾಲದ್ದೊಂದು ಬನ್ನಿ ಮರ ಉಳಿದಿದೆ. ಕೊಂಬೆಗಳು ಬೀದಿಯ ಮೇಲೆ ಚಾಚಿಕೊಂಡಿವೆ. ಬನ್ನಿ ಮರುಭೂಮಿಯ ಮರ. ರಾಜಸ್ಥಾನದ ಮರಳಿನಲ್ಲೂ ಹಸಿರಾಗಿರುತ್ತದಂತೆ. ಇಲ್ಲಿ ಅದಕ್ಕೆ ಸಿಕ್ಕಿರುವ ಮರಳೆಂದರೆ ಮನೆ ಕಟ್ಟುವವರು ಬುಡಕ್ಕೆ ಸುರಿದು ಹೋದದ್ದು. ಆದರೂ ಬದುಕಿದೆ. ದೀಪಾವಳಿ ಕಳೆದು ಚಳಿ ಬಿದ್ದಮೇಲೆ ಸಂಜೆ ಅದಕ್ಕೆ ಕಬ್ಬಕ್ಕಿಗಳು ಬರುತ್ತವೆ. ಮೈ ತಿಳಿಗುಲಾಬಿ, ತಲೆ ಮತ್ತು ರೆಕ್ಕೆ ಕಪ್ಪು. ಎಷ್ಟೋ ದೇಶ ದಾಟಿ ಬಂದವು, ಊರಿನ ಗೊರವಂಕಗಳನ್ನೂ ಸೇರಿಸಿಕೊಂಡು ಆ ಮುಳ್ಳಿನ ಕೊಂಬೆಗಳಲ್ಲಿ ಜಾಗಕ್ಕಾಗಿ ಜಗಳವಾಡುತ್ತವೆ. ಸುಳ್ಳೇಕೆ ಹೇಳಲಿ, ನನಗೆ ಮೊದಲು ಇಷ್ಟವಾದದ್ದು ಹಕ್ಕಿಗಳಲ್ಲ. ಬೆಳಗಾಗುವಷ್ಟರಲ್ಲಿ ಅವು ಆ ಬಿಳಿ ಕಾರಿಗೆ ಬಳಿದಿಟ್ಟಿರುತ್ತಿದ್ದ ಬಣ್ಣ. ಅದನ್ನು ನೋಡಲೆಂದೇ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬರುತ್ತಿದ್ದವಳು, ಬರಬರುತ್ತಾ ಸಂಜೆಯೂ ಬಂದು ನಿಲ್ಲತೊಡಗಿದೆ. ಈಗ ಅವು ಬರುವುದು ಸ್ವಲ್ಪ ತಡವಾದರೂ ನನಗೆ ಸಿಡಿಮಿಡಿ.

ಯಜಮಾನರ ವಯಸ್ಸಾದ ತಾಯಿಯೂ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವನ್ನೇ ನೋಡುತ್ತಾರೆ. ನಾವಿಬ್ಬರೂ ಒಬ್ಬರನ್ನೊಬ್ಬರು ಮಾತ್ರ ನೋಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ಬಾಡಿಗೆದಾರರ ದೂರು ಹೆಚ್ಚಾಯಿತು. ಬೈಕಿನ ಸೀಟು, ಒಣಹಾಕಿದ ಬಟ್ಟೆ, ಎಲ್ಲ ಹಾಳು. ಯಜಮಾನರು ಮರ ಕಡಿಸಲು ತೀರ್ಮಾನಿಸಿದರು. ಸರ್ಕಾರದ ಅಪ್ಪಣೆಯ ಚಿಂತೆ ಅವರಿಗಿರಲಿಲ್ಲ. ಆದರೆ ಪ್ರತಿ ವಿಜಯದಶಮಿಗೆ ಪೂಜೆ ಮಾಡಿದ ಮರ, ಅದರ ಅಪ್ಪಣೆಯಂತೂ ಬೇಕಲ್ಲ. ಹಾಗಾಗಿ ಹೂ ಕೇಳುವುದೆಂದಾಯಿತು. ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ ಕೇಳಿಕೊಳ್ಳುವುದು. ದೇವರ ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡವೆಂದು. ತಾನಾಗಿ ಬೀಳುವವರೆಗೂ ಯಾರೂ ಮುಟ್ಟುವಂತಿಲ್ಲ.

ಭಾನುವಾರ ಬೆಳಿಗ್ಗೆ ಮರ ಕಡಿಯುವವರು ಹಗ್ಗ, ಗರಗಸ ತಂದು ಕಾಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದೆ. ಯಜಮಾನರು ನನ್ನ ಕಣ್ಣಿಗೆ ಬೀಳಬಾರದೆಂದು ಮರದ ಆಚೆ, ತಮ್ಮ ಮನೆಯ ಕಡೆ ನಿಂತು ಕಣಗಲೆ ಹೂ ಅಂಟಿಸಿದ್ದರು. ನಾನು ಹೋಗುವಷ್ಟರಲ್ಲಿ ಅದು ಬಲಕ್ಕೇ ಬಿದ್ದಿತ್ತು. ಬಾಡಿಗೆದಾರರೆಲ್ಲ ನಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಅರಿಶಿನ ಕುಂಕುಮದ ಗುರುತು ಇದ್ದದ್ದು ಬೀದಿಯ ಕಡೆ, ನನ್ನ ಬಾಲ್ಕನಿಗೆ ಎದುರಾಗಿ. ಎಷ್ಟೋ ವರ್ಷದ ಮೇಲೆ ಅವರೆದುರು ಬಾಯಿ ಬಿಟ್ಟೆ.

“ಬೆನ್ನಿಗೆ ಹೂ ಇಟ್ಟು ಕೇಳಿದೀರಲ್ಲ ಸಾರ್. ಮುಖ ಈ ಕಡೆ ಇದೆ.”

ಮರಕ್ಕೆಂಥ ಮುಖ, ಊರ ಉಸಾಬರಿ ನಿಮಗ್ಯಾಕೆ ಎಂದು ಅವರು ರೇಗಿದರು. ನಾನೂ ಬಿಡಲಿಲ್ಲ; ಗೇಟು, ಕಾರು, ಹಳೆಯದೆಲ್ಲ ಹೊರಗೆ ಬಂತು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಆಗ ಅವರ ತಾಯಿ, ಕುರ್ಚಿಯಿಂದ ಏಳದೆಯೇ, ಮಗನಿಗೆ ಹೇಳಿದರು.

“ಹೊಲ ಮಾರ್ದೆ. ಬಾವಿ ಮುಚ್ಚಿದೆ. ನಾನೇನಾದ್ರೂ ಅಂದ್ನಾ? ಇದನ್ನಾದ್ರೂ ಮುಖ ನೋಡಿ ಕೇಳು.”

ಯಜಮಾನರು ಈಚೆ ಬಂದರು. ನನ್ನ ಕಡೆ ತಿರುಗದೆ, ಕುಂಕುಮದ ಕೆಳಗೆ ಇನ್ನೊಂದು ಹೂ ಅಂಟಿಸಿ ಕೈಮುಗಿದರು. ಅದು ತೊಗಟೆಯ ಬಿರುಕಿನಲ್ಲಿ ಕೂತುಬಿಟ್ಟಿತು. ಮಧ್ಯಾಹ್ನವಾದರೂ ಬೀಳಲಿಲ್ಲ. ಕಡಿಯುವವರು ಗೊಣಗುತ್ತಾ ಹೊರಟುಹೋದರು. ಸಂಜೆ ಹಕ್ಕಿಗಳು ಬಂದು ಎಂದಿನಂತೆ ಕಿರುಚಾಡಿದವು.

ಆಮೇಲೆ ದಿನಾ ಬೆಳಿಗ್ಗೆ ಯಜಮಾನರು ಗೇಟಿನಿಂದ ಹೂ ನೋಡುವುದು, ನಾನು ಬಾಲ್ಕನಿಯಿಂದ ನೋಡುವುದು. ಹೂ ಬಾಡಿತು, ಒಣಗಿತು, ಆದರೆ ಬೀಳಲಿಲ್ಲ. ಬಿದ್ದರೆ ಎಡಕ್ಕೆ ಬೀಳಲಪ್ಪ ಎಂದು, ದೇವಸ್ಥಾನದ ಮೆಟ್ಟಿಲು ಹತ್ತದ ನಾನು ಹರಕೆ ಹೊತ್ತೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಲ್ಕನಿಗೆ ಬಂದು ನೋಡಿದರೆ ಬಿರುಕು ಖಾಲಿ. ಹೂ ನೆಲದ ಮೇಲಿತ್ತು. ಮರದ ಬಲಕ್ಕೆ, ಅನುಮಾನವೇ ಇಲ್ಲ. ಯಜಮಾನರು ಆಗಲೇ ಬಂದು ಅದನ್ನೇ ನೋಡುತ್ತಾ ನಿಂತಿದ್ದರು. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ತಾಯಿ ಇನ್ನೂ ಎದ್ದಿರಲಿಲ್ಲ. ಅವರು ಗೇಟಿನ ಪಕ್ಕದ ಖಾಲಿ ಕುರ್ಚಿಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಬಗ್ಗಿ ಹೂ ಎತ್ತಿಕೊಂಡು, ಅದೇ ಬಿರುಕಿಗೆ ಇಟ್ಟು, ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದರು. ಕೈಯನ್ನು ಲುಂಗಿಗೆ ಒರೆಸಿಕೊಂಡು ತಲೆಯೆತ್ತಿದಾಗ ನಾನು ಅವರ ಕಣ್ಣಿಗೆ ಬಿದ್ದೆ.

“ಏನ್ ನೋಡ್ತಿದೀರ ಮೇಡಂ?”

“ನಿಮ್ ಕಾರ್ ನೋಡ್ತಿದೀನಿ. ತುಂಬ ಗಲೀಜಾಗಿದೆ, ತೊಳೀರಿ.”

ಅವರು ಒಳಗೆ ಹೋಗಿ ಬಕೆಟ್ ತಂದರು. ಕಾರು ಈಗಲೂ ನನ್ನ ಗೇಟಿಗೆ ಅರ್ಧ ಅಡ್ಡವಾಗಿಯೇ ನಿಲ್ಲುತ್ತದೆ.